ಬೆಂಗಳೂರಿನಲ್ಲಿ 600 ಕಿ.ಮೀ. ಮುಗಿಸಿ ಸೈಕಲ್ ಸಮೇತ ಉಡುಪಿಗೆ ಬರುವುದು ಹೇಗೆ?

ಸಂತೆಕಟ್ಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ಮೊದಲ 600 ಕಿ.ಮೀ. ಬಿಆರ್‌ಎಂ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಬೆಂಗಳೂರಿನಿಂದ ಶನಿವಾರ ಬೆಳಿಗ್ಗೆ 6ಕ್ಕೆ ಶುರು. 200, 300, 400 ಕಿ.ಮೀ. ಈ ವರ್ಷವೇ ಆಗಿದೆ, ಇದೊಂದು ಮುಗಿದರೆ ಎಸ್‌ಆರ್ (ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರಿಗೆ ಸಿಗುವ ಬಿರುದು) ಆಗುತ್ತದೆ. ತುಳಿಯುವುದರ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ತಲೆಬಿಸಿ ಇರುವುದು ಮುಗಿದ ಮೇಲೆ ಮನೆಗೆ ಬರುವುದು ಹೇಗೆ ಅಂತ.

600ಕ್ಕೆ 40 ಗಂಟೆ ಸಮಯ. ಅಂದರೆ ಕೊನೇ ಗಳಿಗೆಯಲ್ಲಿ ಮುಗಿಸಿದರೆ ಭಾನುವಾರ ರಾತ್ರಿ 10 ಗಂಟೆ. ಸೋಮವಾರ ಮಣಿಪಾಲದಲ್ಲಿ ಆಫೀಸ್. ಅದೇ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಇಳಿದು ಕೆಲಸಕ್ಕೆ ಹೋಗುವುದು ಅಂತ ಯೋಚನೆ ಮಾಡಿದ್ದೆ. ಆದರೆ 300ರ ದಿನ ಆದದ್ದು ನೆನಪಾದರೆ ಧೈರ್ಯ ಬರುವುದಿಲ್ಲ. ಅವತ್ತು ಮಂಗಳೂರಿನಲ್ಲಿ ರಾತ್ರಿ ಒಂದೂವರೆಗೆ ಮುಗಿಸಿದೆ. ಇನ್ನು 55 ಕಿ.ಮೀ. ತಾನೇ ಅಂತ ಸೈಕಲ್‌ನಲ್ಲೇ ಉಡುಪಿಗೆ ಹೊರಟೆ. ಮೂಲ್ಕಿ ಸೇತುವೆ ಹತ್ತಿರ ಬಂದಾಗ ಸುರತ್ಕಲ್ ದಾಟಿದ್ದೇ ನೆನಪಿಲ್ಲ! ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಪಡುಬಿದ್ರಿಯಲ್ಲಿ ಪೆಟ್ರೋಲ್ ಬಂಕಿನ ಬೆಂಚಿನ ಮೇಲೆ ಮಲಗಿ ಅಣ್ಣನಿಗೆ ಫೋನ್ ಮಾಡಿದೆ, ಅವನು ಬಂದು ಕರೆದುಕೊಂಡು ಹೋದ.

ಈ ಸಲ ಅಣ್ಣ ಬರಲು ಆಗುವುದಿಲ್ಲ. ರೈಲು, ಬಸ್ಸು, ಬಾಡಿಗೆ ಕಾರು, ನೀವೆಲ್ಲ ಏನು ಮಾಡುತ್ತೀರಿ? ನನ್ನದು ಅಲ್ಯೂಮಿನಿಯಂ ರೋಡ್ ಬೈಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಬಿಚ್ಚಿ ಜೋಡಿಸುವುದು ಅಷ್ಟಾಗಿ ಗೊತ್ತಿಲ್ಲ, ಮುಂದಿನ ಚಕ್ರ ತೆಗೆಯಲು ಮಾತ್ರ ಬರುತ್ತದೆ.

ಪಡೀಲ್_ಪೆಡಲ್

ಒಳ್ಳೆ ಪ್ರಶ್ನೆ. ನಾನು ನಾಲ್ಕು ಸಲ ರೈಲಿನಲ್ಲಿ ತಂದಿದ್ದೇನೆ, ಅದರ ಬಗ್ಗೆ ಹೇಳುತ್ತೇನೆ.

ಮೊದಲನೆಯದು, ಭಾನುವಾರ ರಾತ್ರಿ ರೈಲು ಅನ್ನೋ ಯೋಚನೆ ಬಿಟ್ಟುಬಿಡಿ. ಪಂಚಗಂಗಾ, ಮುರುಡೇಶ್ವರ, ಕಣ್ಣೂರು, ಈ ಮೂರೂ 10 ಗಂಟೆಗೆ ಮುಂಚೆಯೇ ಬೆಂಗಳೂರು ಬಿಡುತ್ತವೆ. ಟಿಕೆಟ್ ತೆಗೆದಿಟ್ಟರೆ ಕೊನೇ 100 ಕಿ.ಮೀ. ಪೂರ್ತಿ ರೈಲಿನ ಸಮಯವೇ ತಲೆಯಲ್ಲಿ ಸುತ್ತುತ್ತಿರುತ್ತದೆ. ಆ ಹೊತ್ತಿನಲ್ಲಿ ಅವಸರ ಬೇಡ.

ಸೈಕಲ್ ನಿಮ್ಮ ಜೊತೆಗೇ ಬರಬೇಕಾದರೆ ಪಾರ್ಸೆಲ್ ಆಫೀಸಿನಲ್ಲಿ ನಿಮ್ಮ ಟಿಕೆಟ್ ತೋರಿಸಿ 'ಲಗೇಜ್' ಅಂತ ಬುಕ್ ಮಾಡಿಸಬೇಕು. ಬರೇ ಪಾರ್ಸೆಲ್ ಅಂತ ಕೊಟ್ಟರೆ ಜಾಗ ಇದ್ದ ಗಾಡಿಯಲ್ಲಿ ಹಾಕುತ್ತಾರೆ, ನೀವು ಬಂದು ಎರಡು ದಿನ ಆದ ಮೇಲೆ ಸೈಕಲ್ ಬಂದರೂ ಬಂತು. ನಿಯಮದಲ್ಲಿ ಅರ್ಧ ಗಂಟೆ ಮುಂಚೆ ಅಂತ ಇದೆ, ನೀವು ಎರಡು ಗಂಟೆ ಮುಂಚೆ ಹೋಗಿ. ಹೆಸರು, ಫೋನ್ ನಂಬರ್, ಇಳಿಯುವ ಸ್ಟೇಷನ್ ಬರೆದ ರಟ್ಟು ಎರಡು ಕಡೆ ಕಟ್ಟಿ. ಒಂದು ಕಿತ್ತು ಹೋದರೂ ಇನ್ನೊಂದು ಇರುತ್ತದೆ. ಲೈಟು, ಜಿಪಿಎಸ್, ಪಂಪು, ಬಾಟಲಿ ಎಲ್ಲ ಬಿಚ್ಚಿ ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಿ.

ಇಳಿಸುವುದು ಇನ್ನೊಂದು ತಾಪತ್ರಯ. ಪಂಚಗಂಗಾ ಮಂಗಳೂರು ಸೆಂಟ್ರಲ್‌ಗೆ ಬರುವುದಿಲ್ಲ, ಪಡೀಲಿನಿಂದ ಹಾಗೇ ಸುರತ್ಕಲ್ ಕಡೆ ತಿರುಗಿ ಉಡುಪಿಗೆ ಹೋಗುತ್ತದೆ. ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಷನ್ನಿನಲ್ಲಿ, ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಲಗೇಜ್ ವ್ಯಾನ್ ಗಾಡಿಯ ತುದಿಯಲ್ಲಿ, ನಿಮ್ಮ ಬೋಗಿ ಮಧ್ಯದಲ್ಲಿ. ಕಾಲು ಬಗ್ಗದ ಸ್ಥಿತಿಯಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಗೆ ಓಡಬೇಕು. ಉಡುಪಿಗೆ ಬುಕ್ ಮಾಡಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ, ಸ್ವಲ್ಪ ಹೊತ್ತು ಮಾತ್ರ ನಿಲ್ಲುವ ಸ್ಟೇಷನ್‌ಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾನು ಕಣ್ಣೂರು ಎಕ್ಸ್‌ಪ್ರೆಸ್‌ನಲ್ಲಿ ಸೆಂಟ್ರಲ್‌ಗೆ ಬುಕ್ ಮಾಡುತ್ತೇನೆ. ಅಲ್ಲಿ ಇಂಜಿನ್ ಈ ಕಡೆಯಿಂದ ಆ ಕಡೆಗೆ ಹೋಗಬೇಕು, ಹಾಗಾಗಿ ಇಳಿಸಲು ಪುರುಸೊತ್ತು ಸಿಗುತ್ತದೆ.

ಬೋಗಿಯ ಒಳಗೇ ಇಟ್ಟುಕೊಳ್ಳಬಹುದಾ ಅಂತ ಕೆಲವರು ಕೇಳುತ್ತಾರೆ. ಒಳಗೆ ತರುವ ಪೆಟ್ಟಿಗೆಗೆ 100 × 60 × 25 ಸೆಂ.ಮೀ. ಮಿತಿ. ಎರಡೂ ಚಕ್ರ ಬಿಚ್ಚಿದರೂ ಫ್ರೇಮ್ ಅದರಲ್ಲಿ ಕೂರುವುದು ಕಷ್ಟ.

ಘಟ್ಟ_ಇಳಿದವ

ರೈಲು ಬಸ್ಸಿನ ವಿಷಯ ಬೇರೆಯವರು ಹೇಳಲಿ. ನಾನು ಕಾರಿನ ವಿಷಯ ಹೇಳಲೇಬೇಕು, ಯಾಕೆಂದರೆ ನಾಳೆ ಯಾರಾದರೂ "ಕಾರು ತಗೊಂಡು ಹೋಗಿ, ನೀವೇ ಓಡಿಸಿಕೊಂಡು ಬನ್ನಿ" ಅಂತ ಬರೆಯಬಹುದು.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ 400 ಮುಗಿಸಿ, ಎರಡು ಗಂಟೆ ಮಲಗಿ, ಸೈಕಲ್ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಒಬ್ಬನೇ ಹೊರಟೆ. ಹಾಸನದಲ್ಲಿ ಒಂದು ಕಾಫಿ, ಸಕಲೇಶಪುರದಲ್ಲಿ ಇನ್ನೊಂದು. ಶಿರಾಡಿಯ ತಿರುವುಗಳಲ್ಲಿ ಏನೂ ಆಗಲಿಲ್ಲ, ಅಲ್ಲಿ ಹೆದರಿಕೆಯೇ ಎಚ್ಚರ ಇಟ್ಟಿತ್ತು. ಗುಂಡ್ಯ ದಾಟಿ ರಸ್ತೆ ಸ್ವಲ್ಪ ನೇರವಾಯಿತು ನೋಡಿ, ಇನ್ನೇನು ಊರು ಬಂತು ಅಂತ ಮನಸ್ಸು ಸಡಿಲ ಆಯಿತು. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಎಡಗಡೆ ಚಕ್ರ ಮಣ್ಣಿಗೆ ಇಳಿದು ಜಲ್ಲಿಕಲ್ಲು ಕಾರಿನ ಅಡಿಗೆ ಪಟಪಟ ಬಡಿಯಿತು, ಆ ಸದ್ದಿಗೆ ಕಣ್ಣು ಬಿಟ್ಟೆ. ಎದುರಿಗೆ ಮೋರಿಯ ಕಟ್ಟೆ. ಬ್ರೇಕ್ ಒತ್ತಿ ನಿಂತಾಗ ಬಂಪರಿಗೂ ಕಟ್ಟೆಗೂ ಮಧ್ಯೆ ಒಂದು ಮಾರು ಜಾಗ ಇರಲಿಲ್ಲ. ಅರ್ಧ ಗಂಟೆ ಕೈ ನಡುಗುತ್ತಿತ್ತು. ಆಗ ಮನೆಯಲ್ಲಿ ಮಗಳಿಗೆ ಎಂಟು ತಿಂಗಳು.

ಲೆಕ್ಕ ಹಾಕಿ. ಶನಿವಾರ ಬೆಳಿಗ್ಗೆ 4ಕ್ಕೆ ಏಳುತ್ತೀರಿ. ದಾರಿಯಲ್ಲಿ ಎರಡು ಮೂರು ಗಂಟೆ ಮಲಗಿದರೂ ಭಾನುವಾರ ರಾತ್ರಿಗೆ ನಲವತ್ತು ಗಂಟೆಯ ನಿದ್ದೆಗೇಡು. ಕಾಫಿ ಕುಡಿದರೆ ನಿದ್ದೆ ಬಂದಂತೆ ಆಗುವುದಿಲ್ಲ ಅಷ್ಟೇ, ನಿದ್ದೆಯ ಸಾಲ ಹಾಗೇ ಇರುತ್ತದೆ. ಕಾರೇ ಬೇಕಾದರೆ ಓಡಿಸುವವರು ಸೈಕಲ್ ತುಳಿಯದೆ ರಾತ್ರಿ ಪೂರ್ತಿ ಮಲಗಿದವರೇ ಆಗಿರಬೇಕು. ನನ್ನ ಹತ್ತಿರ ಕೇಳಿದರೆ ಸೋಮವಾರ ರಜೆ ಹಾಕಿ. ದಯವಿಟ್ಟು ಹಾಕಿ.

ಬೈಕಂಪಾಡಿ_ಚೈನ್

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು, ರಜೆ ಹಾಕಿ. ಸೋಮವಾರ ರಾತ್ರಿಯ ಬಸ್ಸಿಗೆ ಬನ್ನಿ. ಉಡುಪಿಯವರಿಗೆ ಬಸ್ಸೇ ಸುಲಭ, ಮನೆ ಹತ್ತಿರವೇ ಇಳಿಯಬಹುದು ಅಲ್ವಾ.

ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ. ತನಕ ಲಗೇಜು ಉಚಿತ, ಆದರೆ ಸೈಕಲ್‌ಗೆ ಬೇರೆ ಟಿಕೆಟ್ ಕೊಡಬಹುದು, ಕೊಟ್ಟರೆ ತೆಗೆದುಕೊಳ್ಳಿ, ವಾದ ಬೇಡ. ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಡಿಕ್ಕಿ ದೊಡ್ಡದು, ಆದರೆ ಅದರಲ್ಲಿ ಪಾರ್ಸೆಲ್ ಕೂಡ ತುಂಬುತ್ತಾರೆ. ಹಿಂದಿನ ದಿನವೇ ಆಫೀಸಿಗೆ ಫೋನ್ ಮಾಡಿ ಸೈಕಲ್ ಇದೆ ಅಂತ ಹೇಳಿ. ಬಸ್ ಹೊರಡುವ ಮೊದಲನೇ ಜಾಗದಲ್ಲೇ ಹತ್ತಿ, ನಾಲ್ಕನೇ ಸ್ಟಾಪಿಗೆ ಬರುವಷ್ಟರಲ್ಲಿ ಡಿಕ್ಕಿ ತುಂಬಿರುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಒಂದು ಬಸ್ಸಿನಲ್ಲಿ ಕ್ಲೀನರ್ ಹತ್ತಿರ ಸೈಕಲ್ ಕೊಟ್ಟು ನಾನು ಸುಮ್ನೆ ಮೇಲೆ ಹೋಗಿ ಮಲಗಿದೆ. ಅವನು ಚೈನ್ ಇರುವ ಬದಿ ಕೆಳಗೆ ಮಾಡಿ ಮಲಗಿಸಿ ಅದರ ಮೇಲೆ ಎರಡು ಮೂಟೆ ಹಾಕಿದ್ದಾನೆ. ಬೆಳಿಗ್ಗೆ ಪಡೀಲಿನಲ್ಲಿ ಇಳಿದು ಚಕ್ರ ಹಾಕಿ ಹೊರಟೆ, ಮೊದಮೊದಲು ಸರಿಯೇ ಇತ್ತು. ನಂತೂರಿನ ಏರಿನಲ್ಲಿ ಹಿಂದಿನ ದೊಡ್ಡ ಹಲ್ಲಿಗೆ ಹಾಕಿದೆ. ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಸೀದಾ ಸ್ಪೋಕ್‌ಗಳ ಒಳಗೆ ಹೋಯಿತು! ಐದು ಸ್ಪೋಕ್ ಮುರಿದವು. ಇಳಿದು ಹಿಂದಿನಿಂದ ನೋಡಿದರೆ ಡಿರೇಲರಿನ ಎರಡು ಸಣ್ಣ ಚಕ್ರಗಳು ಓರೆಯಾಗಿ ನಿಂತಿದ್ದವು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಒಳಗೆ ಬಾಗಿತ್ತು. ಹೊರಡುವ ಮುಂಚೆ ಒಂದು ಸಲ ಹಿಂದೆ ನಿಂತು ನೋಡಿದ್ದರೆ ಉಳಿಯುತ್ತಿತ್ತು.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಹಿಂದಿನ ಗೇರನ್ನು ದೊಡ್ಡ ಹಲ್ಲಿಗೆ ಹಾಕಿಡುತ್ತೇನೆ, ಡಿರೇಲರ್ ಒಳಗೆ ಸರಿಯುತ್ತದೆ. ಅದಕ್ಕೆ ಹಳೇ ಟವೆಲ್ ಸುತ್ತುತ್ತೇನೆ. ಮುಂದಿನ ಚಕ್ರ ತೆಗೆದು ಫ್ರೇಮಿನ ಎಡಬದಿಗೆ ಕಟ್ಟುತ್ತೇನೆ, ಮಧ್ಯೆ ರಟ್ಟು ಇಟ್ಟು. ಡಿಸ್ಕ್ ಒಳಮುಖ ಆಗಿರಲಿ, ಆದರೆ ಫ್ರೇಮಿಗೆ ತಾಗಬಾರದು. ಹೈಡ್ರಾಲಿಕ್ ಬ್ರೇಕ್‌ಗೆ ಇದು ಮುಖ್ಯ: ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡ್‌ಗಳ ಮಧ್ಯೆ ದಪ್ಪ ರಟ್ಟು ತುರುಕಿ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಪೆಡಲ್ ತೆಗೆಯುವುದಾದರೆ ಎಡ ಪೆಡಲ್‌ನ ತಿರುಪು ಉಲ್ಟಾ, ಬೇರೆಲ್ಲ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಕೊನೆಗೆ ಎಲ್ಲದಕ್ಕೂ ಹಳೇ ಬೆಡ್‌ಶೀಟ್ ಸುತ್ತಿ ಹಗ್ಗ. ಬೆಡ್‌ಶೀಟ್ ಸುತ್ತಿದ ಮೇಲೆ ಜನ ಅದನ್ನು ಸೈಕಲ್ ಥರ ಎಸೆಯುವುದಿಲ್ಲ, ಸಾಮಾನು ಥರ ಇಡುತ್ತಾರೆ, ಇದು ನಾನು ಕಣ್ಣಾರೆ ನೋಡಿದ್ದು.

ಡಿಕ್ಕಿಯಲ್ಲಿ ನೀವೇ ಇಡಿ, ಚೈನ್ ಬದಿ ಮೇಲೆ ಬರುವ ಹಾಗೆ. ಕ್ಲೀನರ್ ಹತ್ತಿರ ನಗುತ್ತಾ ಎರಡು ಮಾತಾಡಿ, ಮೇಲೆ ಏನೂ ಹಾಕಬೇಡಿ ಅಣ್ಣ ಅಂತ ಹೇಳಿ, ಟೀಗೆ ಅಂತ ಸ್ವಲ್ಪ ಕೊಡಿ. ಊಟಕ್ಕೆ ನಿಲ್ಲಿಸಿದಾಗ ಇಳಿದು ನೋಡಿ.

ಸಂತೆಕಟ್ಟೆ_ಹುಡುಗಿ

ತುಂಬಾ ಥ್ಯಾಂಕ್ಸ್. ಘಟ್ಟ_ಇಳಿದವ ಅಣ್ಣ, ನಿಮ್ಮದು ಓದಿ ಕೂಡಲೇ ರಜೆ ಅರ್ಜಿ ಹಾಕಿದೆ. ಮಲ್ಲೇಶ್ವರದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲೇ ಮಲಗುತ್ತೇನೆ. ಇನ್ನೊಂದು ಪ್ರಶ್ನೆ: ಮಧ್ಯದಲ್ಲೇ ಬಿಡಬೇಕಾಗಿ ಬಂದರೆ ಏನು ಮಾಡುವುದು? ಬಿಆರ್‌ಎಂನಲ್ಲಿ ಹಿಂದೆ ಗಾಡಿ ಬರುವುದಿಲ್ಲವಲ್ಲ.

ಹೆಬ್ರಿ_ತಿರುವು

ಹೌದು, ಬರುವುದಿಲ್ಲ. ನಿಮ್ಮನ್ನು ನೀವೇ ನೋಡಿಕೊಳ್ಳಬೇಕು ಅನ್ನುವುದೇ ಅದರ ನಿಯಮ. ಹಾಗಾಗಿ ಬಿಡುವುದಕ್ಕೂ ಒಂದು ಏರ್ಪಾಡು ಇರಲಿ.

ಒಂದು 400ರಲ್ಲಿ ನನ್ನ ಹಿಂದಿನ ಚಕ್ರದ ಹಬ್ (ಚಕ್ರದ ನಡುವಿನ ಭಾಗ) ಆಗುಂಬೆ ಹತ್ತಿರ ಕೆಟ್ಟು ಹೋಯಿತು. ಪೆಡಲ್ ತುಳಿದರೆ ಚಕ್ರ ತಿರುಗುವುದಿಲ್ಲ. 14 ತಿರುವು ಇಳಿಜಾರು, ಅದೊಂದು ಪುಣ್ಯ. ಬ್ರೇಕ್ ಹಿಡಿದುಕೊಂಡೇ ಸೋಮೇಶ್ವರಕ್ಕೆ ಇಳಿದೆ. ಅಲ್ಲಿಂದ ಉಡುಪಿ ಬಸ್ಸಿನ ಕಂಡಕ್ಟರ್, ಜಾಗ ಇಲ್ಲ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಹಿಂದಿನ ಬಾಗಿಲಿನ ಹತ್ತಿರ ಚಕ್ರ ಬಿಚ್ಚಿ ನಿಲ್ಲಿಸಿಕೊಳ್ಳಿ ಅಂದರು. ಹೆಬ್ರಿಯಲ್ಲಿ ಶಾಲೆ ಮಕ್ಕಳು ಹತ್ತಿದಾಗ ಒಬ್ಬ ಹುಡುಗ ನನ್ನ ಚಕ್ರವನ್ನು ಮಣಿಪಾಲದವರೆಗೆ ತೊಡೆ ಮೇಲೆ ಇಟ್ಟುಕೊಂಡು ಬಂದ. ಗ್ರೀಸ್ ಅವನ ಯೂನಿಫಾರ್ಮಿಗೆ ತಾಗಿತು, ಅದು ಇವತ್ತಿಗೂ ನನಗೆ ಬೇಜಾರು.

ರಾತ್ರಿ ಹೈವೇಯಲ್ಲಿ ಆದರೆ ಕತ್ತಲಲ್ಲಿ ನಿಂತು ಕೈ ತೋರಿಸಬೇಡಿ. ಬೆಳಕಿರುವ ಪೆಟ್ರೋಲ್ ಬಂಕಿಗೋ ಟೋಲ್‌ಗೋ ನಡೆದುಕೊಂಡಾದರೂ ಹೋಗಿ. ಅಲ್ಲಿಗೆ ಖಾಲಿ ಪಿಕಪ್ ಬರುತ್ತವೆ, ಬಂಕಿನವರೇ ಮಾತಾಡಿಸಿ ಕೊಡುತ್ತಾರೆ. ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲಿ ಹಣ ಹೋಗುವುದಿಲ್ಲ. ಮತ್ತೆ ಆಯೋಜಕರಿಗೆ ಬಿಟ್ಟೆ ಅಂತ ಮೆಸೇಜ್ ಹಾಕಲು ಮರೆಯಬೇಡಿ. ನೀವು ಮನೆಯಲ್ಲಿ ಮಲಗಿರುತ್ತೀರಿ, ಅವರು ಕೊನೇ ಕಂಟ್ರೋಲ್‌ನಲ್ಲಿ (ಸವಾರರು ಬಂದದ್ದನ್ನು ಗುರುತು ಹಾಕುವ ಜಾಗ) ನಿಮಗಾಗಿ ಕಾಯುತ್ತಿರುತ್ತಾರೆ.

ಮಣಿಪಾಲ_ಮೊಣಕಾಲು

ದೇಹದ ಬಗ್ಗೆ ಸ್ವಲ್ಪ. ಮುಗಿದ ಕೂಡಲೇ ಬಸ್ಸಿನಲ್ಲಿ ಎಂಟು ಗಂಟೆ ಕಾಲು ಇಳಿಬಿಟ್ಟು ಕೂತರೆ ಪಾದ ಊದಿಕೊಳ್ಳುತ್ತದೆ, ಸ್ಲೀಪರ್ ತೆಗೆದುಕೊಳ್ಳಿ. ನೀರು ಕಡಿಮೆ ಆದ ದೇಹಕ್ಕೆ ನೋವಿನ ಮಾತ್ರೆ ನುಂಗಬೇಡಿ, ಕಿಡ್ನಿಗೆ ಹೊಡೆತ. ಬೆರಳು ಜೋಮು ಹಿಡಿದಿದ್ದರೆ ಅವತ್ತೇ ಸೈಕಲ್ ಬಿಚ್ಚಲು ಹೋಗಬೇಡಿ, ಸ್ಕ್ರೂ ಸರಿಯಾಗಿ ಕೂತಿದೆಯಾ ಅಂತ ಕೈಗೆ ಗೊತ್ತಾಗುವುದಿಲ್ಲ. ಮಲಗಿ ಎದ್ದ ಮೇಲೆ ಬಿಚ್ಚಿ.

ಸಂತೆಕಟ್ಟೆ_ಹುಡುಗಿ

ಆರು ವಾರ ಆಯಿತು, ಹೇಳದೆ ಇದ್ದರೆ ತಪ್ಪಾಗುತ್ತದೆ. 38 ಗಂಟೆ 20 ನಿಮಿಷದಲ್ಲಿ ಮುಗಿಯಿತು! ಚಿಕ್ಕಮ್ಮನ ಮನೆಗೆ ಆಟೋದಲ್ಲಿ ಹೋದೆ, ಸೈಕಲನ್ನು ಸೀಟಿನ ಮೇಲೆ ಅಡ್ಡ ಹಾಕಿಕೊಂಡು. ಅನ್ನ ಬಡಿಸಿಕೊಂಡು ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ. ಹತ್ತು ಗಂಟೆ ಮಲಗಿದೆ. ಅದೇ ರಾತ್ರಿ ಬಸ್ ಹಿಡಿದಿದ್ದರೆ ಇಳಿಯುವ ಜಾಗ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ನಿಧಾನವಾಗಿ ಕಟ್ಟಿದೆ. ಬೆಡ್‌ಶೀಟ್ ಚಿಕ್ಕಮ್ಮನದ್ದು, ವಾಪಸ್ ಕಳಿಸಬೇಕು. ಬಸ್ಸಿನಲ್ಲಿ ನಾನೇ ಇಟ್ಟೆ. ಊಟಕ್ಕೆ ನಿಂತಾಗ ಇಳಿದು ನೋಡಿದರೆ ಪಕ್ಕಕ್ಕೆ ಒಂದು ಹೂವಿನ ಬುಟ್ಟಿ ಬಂದಿತ್ತು, ಮೇಲೆ ಏನೂ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಕರಾವಳಿ ಬೈಪಾಸ್‌ನಲ್ಲಿ ಇಳಿದೆ, ಅಣ್ಣ ಬಂದಿದ್ದ.

ಅಂಗಳದಲ್ಲಿ ಬಿಚ್ಚಿ ನೋಡಿದಾಗ ಹ್ಯಾಂಡಲ್ ಟೇಪ್ ಒಂದು ಕಡೆ ತರಚಿತ್ತು, ಬೇರೇನಿಲ್ಲ. ಪ್ಯಾಡ್ ಮಧ್ಯೆ ಇಟ್ಟ ರಟ್ಟಿನ ಮೇಲೆ ಎರಡೂ ಬದಿ ಆಳವಾಗಿ ಒತ್ತಿದ ಗುರುತು. ಯಾರೋ ಲಿವರ್ ಒತ್ತಿದ್ದಾರೆ, ಬೈಕಂಪಾಡಿ ಅಣ್ಣ, ನೀವು ಹೇಳದಿದ್ದರೆ ಅವತ್ತು ನನ್ನ ಬ್ರೇಕ್ ಹೋಗಿತ್ತು. ಸೈಕಲ್ ನಿಲ್ಲಿಸಿ ಹಿಂದೆ ಕೂತು ನೋಡಿದೆ. ಎರಡೂ ಸಣ್ಣ ಚಕ್ರ ನೇರವಾಗಿದ್ದವು. ಒಂದೊಂದೇ ಗೇರ್ ಬದಲಿಸಿ ಪೆಡಲ್ ತಿರುಗಿಸುತ್ತಾ ಅಲ್ಲೇ ಕೂತಿದ್ದೆ. ಗಂಜಿ ತಣ್ಣಗಾಗುತ್ತದೆ ಅಂತ ಅಮ್ಮ ಮೂರನೇ ಸಲ ಕರೆದ ಮೇಲೆ ಒಳಗೆ ಹೋದೆ.