ಮಗಳು ಕೆಲಸಕ್ಕೆ ಹೋಗ್ತೀನಿ ಅಂತಾಳೆ, ಕಳಿಸೋದಾ ಬೇಡವಾ?

ತೀರ್ಥಹಳ್ಳಿಯವಳು, ರಾಲೀ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹೋದ ತಿಂಗಳು 16 ತುಂಬಿತು. ಮನೆ ಹತ್ತಿರದ ಐಸ್ ಕ್ರೀಮ್ ಅಂಗಡಿಯಲ್ಲಿ ಶನಿವಾರ, ಭಾನುವಾರ ಕೆಲಸಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಗಂಟೆಗೆ 12 ಡಾಲರ್, ಮೇಲೆ ಟಿಪ್ಸ್. ಗೆಳತಿಯರೆಲ್ಲ ಹೋಗುತ್ತಾರಂತೆ. ನಮ್ಮ ಯಜಮಾನರು ಕೇಳಿದ ಕೂಡಲೇ ಅರ್ಧ ಊಟಕ್ಕೆ ಎದ್ದುಬಿಟ್ಟರು. "ನಾನೇನು ಸತ್ತುಹೋಗಿದ್ದೀನಾ, ಅವಳು ದುಡಿಯೋಕೆ?" ಊರಲ್ಲಿರುವ ಅತ್ತೆಗೆ ಇನ್ನೂ ಹೇಳಿಲ್ಲ. ನನಗೇನೋ ಹೋಗಲಿ ಅಂತಲೇ ಅನಿಸುತ್ತದೆ. ಓದು ಹಾಳಾಗುತ್ತಾ? ಕಾನೂನಿನ ತೊಡಕು ಏನಾದರೂ ಇದೆಯಾ? ಬರುವ ಶನಿವಾರವೇ ಬಾ ಎಂದಿದ್ದಾರೆ.

ಹೊಸನಗರದವಳು, ಷಾರ್ಲೆಟ್

ಮೊದಲು ಮಗಳ ವೀಸಾ ಯಾವುದು ಹೇಳಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಆದರೆ ಕಷ್ಟ ಏನಿಲ್ಲ. ನಮ್ಮ ನಾರ್ತ್ ಕೆರೊಲಿನಾದಲ್ಲಿ 18 ತುಂಬದವರಿಗೆ ಯೂತ್ ಎಂಪ್ಲಾಯ್‌ಮೆಂಟ್ ಸರ್ಟಿಫಿಕೇಟ್ ಬೇಕು. ಆನ್‌ಲೈನಲ್ಲಿ ಆಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ವೀಸಾ ತಿಳಿಸಿ, ಉಳಿದಿದ್ದು ಹೇಳುತ್ತೇನೆ.

ಸಾಗರ ಸೀಮೆ, ಡಲ್ಲಾಸ್

ಕಳಿಸಮ್ಮ, ಯೋಚನೆ ಮಾಡಬೇಡ. ನನ್ನ ಮೊದಲ ಕೆಲಸ ಅಡಿಕೆ ಸುಲಿಯೋದು. ಹತ್ತೋ ಹನ್ನೊಂದೋ ವಯಸ್ಸು. ದೀಪಾವಳಿ ಕಳೆದ ಮೇಲೆ ಕೊಯ್ಲು ಜೋರು. ರಾತ್ರಿ ಊಟ ಮುಗಿಸಿ ದೊಡ್ಡಪ್ಪನ ಮನೆ ಜಗಲಿಗೆ ಹೋದರೆ ಸಾಲಾಗಿ ಮೆಟ್ಟುಗತ್ತಿ ಇಟ್ಟಿರುತ್ತಿದ್ದರು. ಹಸಿ ಕಾಯಿಯನ್ನು ಕತ್ತಿಗೆ ಒತ್ತಿ, ಒಂದು ಸಲ ತಿರುವಿ ಸಿಪ್ಪೆ ಎಬ್ಬಿಸಬೇಕು. ಒಳಗಿನ ಅಡಿಕೆಗೆ ಗಾಯ ಆಗಬಾರದು, ಬೆರಳಿಗೂ ಆಗಬಾರದು. ಮೊದಲ ವಾರ ಎರಡಕ್ಕೂ ಆಗುತ್ತಿತ್ತು ಬಿಡಿ.

ಕೂಲಿ ಡಬ್ಬದ ಲೆಕ್ಕ. ದೊಡ್ಡಪ್ಪ ಡಬ್ಬವನ್ನು ಎರಡು ಸಲ ಕುಲುಕಿ ನೋಡುತ್ತಿದ್ದ. ಕುಲುಕಿದರೆ ಅಡಿಕೆ ಕೂತು ಇನ್ನೂ ಎರಡು ಹಿಡಿ ಹಿಡಿಯುತ್ತಿತ್ತು. ತಮ್ಮನ ಮಗ ಅಂತ ಒಂದು ಸಲವೂ ಕುಲುಕದೆ ಬಿಟ್ಟವನಲ್ಲ. ಆ ದುಡ್ಡಲ್ಲಿ ಮಾರಿಕಾಂಬೆ ಜಾತ್ರೆಗೆ ಹೋಗಿ ತೊಟ್ಟಿಲು ಹತ್ತಿ ಬಂದೆ. ಜಾತ್ರೆ ಮೂರು ವರ್ಷಕ್ಕೊಮ್ಮೆ, ಹಾಗಾಗಿ ಕೂಡಿಡೋದೂ ಕಲಿತೆ. ಇಲ್ಲಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತು?

ದುರ್ಗಿಗುಡಿ, ಬೇ ಏರಿಯಾ

ತಪ್ಪು, ತಪ್ಪು, ತಪ್ಪು. ಯಾರ ಮಾತೂ ಕೇಳಬೇಡಿ. ನಾನು ಶಿವಮೊಗ್ಗದಲ್ಲಿ ಐದು ವರ್ಷ ಪೇಪರ್ ಹಾಕಿದವನು. ಬೆಳಗಿನ ಜಾವ ನಾಲ್ಕೂವರೆಗೆ ಬಸ್ ಸ್ಟ್ಯಾಂಡ್ ಹತ್ತಿರ ಬಂಡಲ್ ಬಿಚ್ಚಿ, ಪುರವಣಿ ಸೇರಿಸಿ, ಸೈಕಲ್‌ಗೆ ಹಾಕಿಕೊಂಡು ಹೊರಟರೆ ಗೋಪಿ ಸರ್ಕಲ್ ದಾಟುವಷ್ಟರಲ್ಲಿ ಮಳೆ. ನಾನು ನೆನೆದರೂ ಪೇಪರ್ ನೆನೆಯಬಾರದು. ಒದ್ದೆ ಪೇಪರ್ ಹಾಕಿದರೆ ತಿಂಗಳ ಕೊನೆಗೆ ದುಡ್ಡು ಹಿಡಿಯುತ್ತಿದ್ದರು. ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ನಿದ್ದೆ. ಲೆಕ್ಕದಲ್ಲಿ ಹೋಗಿದ್ದ ನಂಬರು ಆಮೇಲೆ ಬರಲೇ ಇಲ್ಲ.

ನನ್ನ ಮಗ ಆ ಕಷ್ಟ ಪಡಬಾರದು ಅಂತಲೇ ಇಷ್ಟು ದೂರ ಬಂದಿದ್ದು. 16, 17ನೇ ವಯಸ್ಸು ಕಾಲೇಜ್ ಪ್ರವೇಶದ ಎಸ್‌ಎಟಿ ಪರೀಕ್ಷೆಗೆ, ಕಾಲೇಜ್ ಅರ್ಜಿಗೆ. ಐಸ್ ಕ್ರೀಮ್ ತೋಡೋಕಲ್ಲ. ಇವತ್ತು 12 ಡಾಲರ್ ನೋಡಿದರೆ ನಾಳೆ ಕಾಲೇಜೇ ಬೇಡ ಅಂತಾರೆ. ಬರೆದಿಟ್ಟುಕೊಳ್ಳಿ.

ನನ್ನ ಮಗನಿಗೆ 22ರ ತನಕ ಒಂದು ದಿನ ಕೆಲಸ ಮಾಡಲು ಬಿಡಲಿಲ್ಲ. ಒಳ್ಳೆ ಕಾಲೇಜ್, ಒಳ್ಳೆ ಮಾರ್ಕ್ಸ್. ಮೊದಲ ಕೆಲಸಕ್ಕೆ ಸೇರಿದ, ಮ್ಯಾನೇಜರ್ ಏನೋ ಅಂದರಂತೆ, ನಾಲ್ಕೇ ತಿಂಗಳಿಗೆ ಬಿಟ್ಟು ಬಂದ. ಈಗ ಮನೆಯಲ್ಲೇ ಇದ್ದಾನೆ. ಅದು ಬೇರೆ ವಿಷಯ.

ಕೊಪ್ಪ, ಎಡಿಸನ್

ಅಣ್ಣ, ಅದೇ ವಿಷಯ ಅಲ್ವಾ?

ನನ್ನ ಮೊದಲ ಕೆಲಸ ಔಷಧಿ ಕಲಸೋದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಹದ ನೋಡೋಕೆ ಹೊಳೆಯೋ ಕಬ್ಬಿಣದ ಚಾಕು ಅದ್ದುತ್ತಿದ್ದೆವು. ಎತ್ತಿದಾಗ ಅಲಗು ಕೆಂಪಗಾಗಿದ್ದರೆ ಸುಣ್ಣ ಸಾಲದು ಅಂತ. ನಾನು ಆ ಚಾಕು ಹಿಡಿದು ನಿಂತರೆ ಮರ ಹತ್ತೋ ಕೊನೆಗೌಡನೂ ಕಾಯಬೇಕು. ಹದಿಮೂರು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಅಧಿಕಾರ ಏನಿದೆ! ಈಗ ಫಾರ್ಮಾ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮಾಡೋದು ಅದೇ ಕೆಲಸ, ಚಾಕು ಇಲ್ಲ ಅಷ್ಟೆ.

ರಿಪ್ಪನ್‌ಪೇಟೆ ಕಡೆಯವನು, ಸಿಯಾಟಲ್

ಸಾಗರದವರೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಸುಲಿದಿದ್ದು ಜಾತ್ರೆ ಖರ್ಚಿಗೆ. ನನ್ನಮ್ಮ ಅಂಥದ್ದೇ ಜಗಲಿಯಲ್ಲಿ ಕೂತು ಸುಲಿದಿದ್ದು ಅಕ್ಕಿಗೆ. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಡಬ್ಬ ಬೇರೆ ಲೆಕ್ಕಕ್ಕಿಲ್ಲ, ಅಮ್ಮನ ಡಬ್ಬಕ್ಕೇ ಸುರಿಯಬೇಕು. ಅಡಿಕೆ ಚೊಗರಿಗೆ ಬೆರಳು ಕಪ್ಪಾಗುತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು "ಕೈ ತೋರಿಸಿ" ಅಂದರೆ ನಾನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ. ತೋಟದ ಮನೆ ಹುಡುಗರು ನಗುತ್ತಾ ತೋರಿಸುತ್ತಿದ್ದರು.

ಹಾಗಂತ ಈ ಹುಡುಗಿ ಹೋಗಬಾರದು ಅಂತ ಹೇಳುತ್ತಿಲ್ಲ. ಅವಳದ್ದೂ ಜಾತ್ರೆ ಖರ್ಚೇ, ಖುಷಿಯಾಗಿ ಹೋಗಲಿ. ದುಡಿದರೆ ಸಂಸ್ಕಾರ ಬರುತ್ತೆ ಅಂತ ಮಾತ್ರ ನನಗೆ ಹೇಳಬೇಡಿ.

ಸಾಗರ ಸೀಮೆ, ಡಲ್ಲಾಸ್

ನಮ್ಮ ಮನೆಯಲ್ಲಿ ಯಾರನ್ನೂ ಹಾಗೆ ನೋಡಿಕೊಂಡಿಲ್ಲ. ಸುಲಿಯೋಕೆ ಬಂದವರಿಗೆಲ್ಲ ರಾತ್ರಿ ಕಾಫಿ, ಅವಲಕ್ಕಿ ಕೊಡುತ್ತಿದ್ದೆವು.

ರಿಪ್ಪನ್‌ಪೇಟೆ ಕಡೆಯವನು, ಸಿಯಾಟಲ್

ನಮಗೂ ಕೊಡುತ್ತಿದ್ದರು. ನಮ್ಮ ಲೋಟ ನಾವೇ ತೊಳೆದು ಹೊರಗೆ ಕವುಚಿ ಇಡುತ್ತಿದ್ದೆವು.

ಭದ್ರಾವತಿ, ಟೊರಾಂಟೊ

ನಮ್ಮಲ್ಲಿ ಮೊದಲ ಕೆಲಸ, ಎರಡನೇ ಕೆಲಸ ಅನ್ನೋ ಮಾತೇ ಇರಲಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಊರಿಗೆ ಊರೇ ಅದರ ಸೈರನ್ನಿಗೆ ಏಳುತ್ತಿತ್ತು. ಅಜ್ಜ, ಅಪ್ಪ ಇಬ್ಬರಿಗೂ ಅದೇ ಮೊದಲು, ಅದೇ ಕೊನೆ. ನಾನು ಒಂಬತ್ತು ಕಂಪನಿ ಬದಲಿಸಿದ್ದೇನೆ. ಅಪ್ಪ ಇವತ್ತಿಗೂ "ಅಲ್ಲೇನು ತೊಂದರೆ ಆಯ್ತೋ?" ಅಂತ ಕೇಳುತ್ತಾರೆ.

ಶಿಕಾರಿಪುರ, ಅಟ್ಲಾಂಟಾ

ಯಾವಾಗಲೂ ಹೇಳುವುದನ್ನೇ ಮತ್ತೆ ಹೇಳುತ್ತೇನೆ: ರಾತ್ ಐಆರ್‌ಎ, ಅಂದರೆ ನಿವೃತ್ತಿಗೆಂದು ಕೂಡಿಡುವ ಖಾತೆ. ಮಗು ದುಡಿದರೆ ಮಾತ್ರ ಅದರ ಹೆಸರಲ್ಲಿ ತೆರೆಯಬಹುದು. ಅವಳು ಎಷ್ಟು ಸಂಪಾದಿಸುತ್ತಾಳೋ ಅಷ್ಟರ ತನಕ ಹಾಕಬಹುದು, 2025ಕ್ಕೆ ಗರಿಷ್ಠ 7,000 ಡಾಲರ್. ಅವಳ ಸಂಬಳ ಅವಳೇ ಖರ್ಚು ಮಾಡಲಿ, ಅಷ್ಟೇ ದುಡ್ಡು ನೀವು ಹಾಕಿ.

ದುರ್ಗಿಗುಡಿ, ಬೇ ಏರಿಯಾ

ಎಲ್ಲರೂ ಕಥೆ ಹೇಳುತ್ತಿದ್ದೀರಿ. ಎಸ್‌ಎಟಿ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಹೊಸನಗರದವಳು, ಷಾರ್ಲೆಟ್

ನಾನು ಇನ್ನೊಂದು ಸಲ ಕೇಳುತ್ತಿದ್ದೇನೆ. ವೀಸಾ ಯಾವುದು?

ತೀರ್ಥಹಳ್ಳಿಯವಳು, ರಾಲೀ

ಅಯ್ಯೋ, ಮೇಲೆ ಕೇಳಿದ್ದು ನೋಡಲೇ ಇಲ್ಲ, ಕ್ಷಮಿಸಿ. ಅವಳದ್ದು ಎಚ್-4, ಅಪ್ಪನ ಕೆಲಸದ ವೀಸಾ ಮೇಲೆ ಮನೆಯವರಿಗೆ ಸಿಗೋದು. ನನಗೆ ಎಚ್-4ರ ಇಎಡಿ, ಅಂದರೆ ಕೆಲಸದ ಪರವಾನಗಿ ಇದೆ, ನಾನು ಕೆಲಸಕ್ಕೆ ಹೋಗುತ್ತೇನೆ. ಅವಳಿಗೂ ಹಾಗೇ ಸಿಗುತ್ತೆ ಅಲ್ವಾ?

ಹೊಸನಗರದವಳು, ಷಾರ್ಲೆಟ್

ಇಲ್ಲಮ್ಮ. ಶನಿವಾರ ಕಳಿಸಬೇಡಿ. 2015ರಲ್ಲಿ ಬಂದ ಆ ಇಎಡಿ ಗಂಡ ಅಥವಾ ಹೆಂಡತಿಗೆ ಮಾತ್ರ, ಅದೂ ಎಲ್ಲರಿಗೂ ಇಲ್ಲ. ಎಚ್-4ರಲ್ಲಿರುವ ಮಕ್ಕಳು ಸಂಬಳದ ಕೆಲಸ ಮಾಡುವ ಹಾಗೇ ಇಲ್ಲ. ಎರಡು ಗಂಟೆಯದ್ದಾದರೂ ಅಷ್ಟೇ, ಕೈಯಲ್ಲಿ ನಗದು ಕೊಟ್ಟರೂ ಅಷ್ಟೇ. ಕೆಲಸ ಮಾಡಲು ಅನುಮತಿ ಇದೆಯಾ ಎಂದು ನೋಡಲು ಅಂಗಡಿಯವರು ಐ-9 ಫಾರ್ಮ್ ತುಂಬಿಸುತ್ತಾರೆ, ಅಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಇನ್ನೂ ಕಷ್ಟ. ಮುಂದೆ ಅವಳ ಗ್ರೀನ್ ಕಾರ್ಡ್ ಅರ್ಜಿಗೆ ತೊಂದರೆ ಆಗಬಹುದು.

ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಐ-485 ಹಾಕುವ ಸರದಿ ಬಂದರೆ ಅವಳದ್ದೂ ಜೊತೆಗೆ ಹಾಕಿ. ಆಗ ಅವಳೂ ಇಎಡಿ ಕೇಳಬಹುದು. ಅಲ್ಲಿಯವರೆಗೆ ಲೈಬ್ರರಿ, ಫುಡ್ ಬ್ಯಾಂಕ್ ಥರದ ಕಡೆ ಸಂಬಳವಿಲ್ಲದ ಸೇವೆ ಮಾಡಬಹುದು. ಎಚ್-4 ಅವಳಿಗೆ 21 ತುಂಬುವ ತನಕ ಮಾತ್ರ. ಈಗಲೇ ವಕೀಲರ ಹತ್ತಿರ ಮಾತಾಡಿ ಇಡಿ.

ತೀರ್ಥಹಳ್ಳಿಯವಳು, ರಾಲೀ

ಅವಳು ಅಂಗಡಿಯವರು ಕೊಟ್ಟ ಟೋಪಿಯನ್ನು ಕನ್ನಡಿ ಮುಂದೆ ಹಾಕಿ ನೋಡಿಕೊಳ್ಳುತ್ತಿದ್ದಾಳೆ. ಹೇಗೆ ಹೇಳಲಿ?

ಚಿಕ್ಕಮಗಳೂರು, ಫೀನಿಕ್ಸ್

ಈಗಷ್ಟೇ ನೋಡಿದೆ, ಮೇಲಿನದ್ದೆಲ್ಲ ಓದೋಕೆ ಆಗಲಿಲ್ಲ. ಸುಮ್ನೆ ಕಳಿಸಿ ಅಕ್ಕ, ಏನೂ ಆಗಲ್ಲ. ಅಂದಹಾಗೆ ಈ ಬೇಸಿಗೆಗೆ ಊರಿಂದ ಯಾರಾದರೂ ಬರ್ತಿದ್ದಾರಾ? ಎರಡು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಬೇಕಿತ್ತು.