ರಾಸ್ಪ್‌ಬೆರಿ ಹಣ್ಣಿನೊಳಗೆ ಬಿಳಿ ಹುಳ, ಯಾವ ಔಷಧಿ ಹೊಡೆಯಬೇಕು?

ಪ್ರಶ್ನೆ: ಕೀಳುವಾಗ ಹಣ್ಣು ಚೆನ್ನಾಗೇ ಇರುತ್ತದೆ. ಡಬ್ಬಿಗೆ ಹಾಕಿಟ್ಟರೆ ಮಾರನೇ ದಿನ ತಳದಲ್ಲಿ ಕೆಂಪು ರಸ, ಹಣ್ಣು ಮೆತ್ತಗೆ. ಬಿಡಿಸಿದರೆ ಸಣ್ಣ ಬಿಳಿ ಹುಳ. ಏನು ಹೊಡೆಯಲಿ?

ಕೀಟ ತಜ್ಞರ ಉತ್ತರ: ಔಷಧಿ ಮಾತು ಆಮೇಲೆ. ಮೊದಲು ಹುಳವನ್ನು ಸರಿಯಾಗಿ ನೋಡಿ. ಕಂದು ತಲೆ, ಮುಂದುಗಡೆ ಮೂರು ಜೊತೆ ಕಾಲು ಇದ್ದರೆ ಅದು ರಾಸ್ಪ್‌ಬೆರಿ ದುಂಬಿಯ ಮರಿ. ತಲೆಯೂ ಕಾಣದೆ, ಕಾಲೂ ಇಲ್ಲದೆ ಅಕ್ಕಿನುಚ್ಚಿನ ಹಾಗಿದ್ದರೆ ಡ್ರೊಸೊಫಿಲಾ ಸುಜುಕಿ ಅನ್ನೋ ಹಣ್ಣುನೊಣದ ಮರಿ ಇರಬಹುದು. ನೀವು ಹೇಳಿದ್ದು ಇದರ ಹಾಗೇ ಇದೆ.

ಮಾಮೂಲಿ ಹಣ್ಣುನೊಣ ಕೊಳೆತದ್ದನ್ನು ಹುಡುಕಿಕೊಂಡು ಬರುತ್ತದೆ. ಇದು ಹಾಗಲ್ಲ. ಹೆಣ್ಣಿನ ಹಿಂತುದಿಯಲ್ಲಿ ಗರಗಸವೇ ಇದೆ ಅನ್ನಿ. ಆಗಷ್ಟೇ ಬಣ್ಣ ತಿರುಗಿದ ಹಣ್ಣನ್ನು ಸೀಳಿ ಮೊಟ್ಟೆ ಇಡುತ್ತದೆ. ಅದಕ್ಕೇ ಕೀಳುವಾಗ ನಿಮಗೆ ಏನೂ ಕಂಡಿರುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಒಂದು ಲೋಟ ನೀರಿಗೆ ದೊಡ್ಡ ಚಮಚ ಉಪ್ಪು ಕದಡಿ, ಹಣ್ಣನ್ನು ಸ್ವಲ್ಪ ಅಮುಕಿ ಮುಳುಗಿಸಿ. ಹದಿನೈದು ನಿಮಿಷಕ್ಕೆ ಹುಳಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕಪ್ಪು ತಟ್ಟೆಯಾದರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಸ್ವಲ್ಪ ದಿನ ರಾಸ್ಪ್‌ಬೆರಿ ತಿನ್ನೋಕೆ ಮನಸ್ಸಾಗಲ್ಲ, ಅದು ಬೇರೆ ವಿಷಯ!

ಪ್ರಶ್ನಿಸಿದವರು: ವಿನೆಗರ್ ಬಲೆಗೆ ಬಿದ್ದ ನೊಣಗಳ ರೆಕ್ಕೆಯಲ್ಲಿ ಚುಕ್ಕೆ ಇಲ್ವಲ್ಲ?

ತಜ್ಞರು: ಚುಕ್ಕೆ ಗಂಡಿಗೆ ಮಾತ್ರ, ರೆಕ್ಕೆಗೊಂದು. ಹಾಗಾಗಿ ಚುಕ್ಕೆ ಇಲ್ಲ ಅಂತ ನಿರಾಳ ಆಗಬೇಡಿ. ಬಲೆಯಿಂದ ನೊಣ ಬಂದಿದೆಯಾ ಅಂತ ತಿಳಿಯುತ್ತದೆ ಅಷ್ಟೇ, ಕಾಟ ತಪ್ಪಲ್ಲ.

ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ನೊಣವಾಗೋಕೆ ಎರಡು ವಾರವೂ ಬೇಡ. ಆದ್ದರಿಂದ ದಿನ ಬಿಟ್ಟು ದಿನವಾದರೂ ಕೀಳಿ, ಕಿತ್ತ ತಕ್ಷಣ ಫ್ರಿಜ್‌ಗೆ ಹಾಕಿ. ಉದುರಿದ್ದು, ಕೆಟ್ಟದ್ದು ಗೊಬ್ಬರದ ಗುಂಡಿಗೆ ಬೇಡವೇ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಹುಳ ಬೆಂದು ಸಾಯುತ್ತದೆ. ದಟ್ಟ ಗಿಡ ಸವರಿ ಗಾಳಿ ಆಡೋ ಹಾಗೆ ಮಾಡಿ. ಒಂದು ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಪರದೆ ಹಾಕಬಹುದು, ಆದರೆ ಜೇನುಹುಳಕ್ಕೂ ಬಾಗಿಲು ಮುಚ್ಚಿದಂತೆ, ಹೂವಿರುವಾಗ ಯೋಚಿಸಿ. ಇಷ್ಟೆಲ್ಲ ಆದ ಮೇಲೂ ಸಿಂಪಡಿಸಲೇಬೇಕು ಅಂದರೆ, ಈ ಬೆಳೆಗೆ ಅನುಮತಿ ಇರುವ ಔಷಧಿಯನ್ನೇ ಜೇನುಹುಳ ಗೂಡು ಸೇರಿದ ಮೇಲೆ ಹೊಡೆಯಿರಿ. ಕಟಾವಿಗೆ ಎಷ್ಟು ದಿನ ಬಿಡಬೇಕು ಅಂತ ಲೇಬಲ್‌ನಲ್ಲಿ ಇರುತ್ತದೆ. ಒಳಗೆ ಸೇರಿಕೊಂಡ ಮರಿಯನ್ನು ಸಿಂಪಡಣೆಯಿಂದ ಹಿಡಿಯೋದು ಕಷ್ಟ.

ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಚಿಗುರಿನ ತುದಿ ಬಾಡಿ ಜೋತು ಬಿದ್ದಿದೆ. ಇದೇ ನೊಣವಾ?

ತಜ್ಞರು: ಅಲ್ಲ. ಬಾಡಿದ ಜಾಗದ ಕೆಳಗೆ ಕಾಂಡದ ಸುತ್ತ ಎರಡು ಉಂಗುರದ ಗುರುತು ಇದೆಯಾ ನೋಡಿ. ಇದ್ದರೆ ಕಾಂಡ ಕೊರಕ ದುಂಬಿ. ಕೆಳಗಿನ ಉಂಗುರಕ್ಕಿಂತ ನಾಲ್ಕು ಬೆರಳು ಕೆಳಗೆ ಕತ್ತರಿಸಿ, ಆ ತುಂಡು ಸುಟ್ಟುಬಿಡಿ. ಔಷಧಿ ಬೇಕಾಗಿಲ್ಲ.