ಬಫರಿಂಗ್, ಕ್ವಾಲಿಟಿ: ಸಂಜೆಯೊಳಗೆ ಕನ್ನಡ ಬೇಕು

ಶಿಡ್ಲಘಟ್ಟದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಪಂಚಾಯಿತಿ ಲೈಬ್ರರಿಯಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಎರಡು ಕಂಪ್ಯೂಟರ್ ಇವೆ. ಹತ್ತನೇ ಕ್ಲಾಸಿನ ಮಕ್ಕಳು ಪಾಠದ ವಿಡಿಯೋ ನೋಡುತ್ತಾರೆ. ನಿಂತುಹೋದರೆ "ಸ್ಟ್ರಕ್ ಆಯ್ತು ಮೇಡಂ" ಅಂತ ನನ್ನನ್ನೇ ಕೂಗುತ್ತಾರೆ. ಗೋಡೆಗೆ ಒಂದು ಫ್ಲೆಕ್ಸ್ ಹಾಕಿಸೋಣ ಅಂತ ಇಷ್ಟು ಬರೆದಿದ್ದೇನೆ:

"ಬಫರಿಂಗ್ ಆದರೆ ಗೇರ್ ಗುರುತು ಒತ್ತಿ, ಕ್ವಾಲಿಟಿ 360ಕ್ಕೆ ಇಳಿಸಿ. ಚಿತ್ರ ಮಸುಕಾದರೆ 720ಕ್ಕೆ ಏರಿಸಿ. ಆಗಲೂ ಸರಿಹೋಗದಿದ್ದರೆ ಬೇಡದ ಟ್ಯಾಬ್ ಮುಚ್ಚಿ, ಪುಟ ರೀಫ್ರೆಶ್ ಮಾಡಿ."

ಬಫರಿಂಗ್, ಕ್ವಾಲಿಟಿ ಎರಡಕ್ಕೂ ಕನ್ನಡ ಹೇಳಿ. ಅಂಗಡಿಯವರು ಆರು ಗಂಟೆಗೆ ಫೈಲ್ ಕೇಳಿದ್ದಾರೆ.

ತಿಪಟೂರಿನಿಂದ:
ಕ್ವಾಲಿಟಿಗೆ ಗುಣಮಟ್ಟ. ಮುಗೀತಲ್ಲ. ಬಫರಿಂಗ್‌ಗೆ 'ಮುಂಗೂಡಿಕೆ' ಇರಲಿ. ಮುಂದೆ ಬೇಕಾದ್ದನ್ನು ಈಗಲೇ ಕೂಡಿಡುವುದು.

ಕೋಲಾರದಿಂದ:
ಗುಣಮಟ್ಟ ಸಲ್ಲದು. ಅರಿಸಮಾಸ. ಸಂಸ್ಕೃತ, ಕನ್ನಡ ಎರಡನ್ನೂ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಕವಿರಾಜಮಾರ್ಗದಲ್ಲೇ ಇದೆ. 'ಹದ' ಅನ್ನಿ. ಅಚ್ಚಗನ್ನಡ, ಎರಡೇ ಅಕ್ಷರ, ಫ್ಲೆಕ್ಸ್‌ನಲ್ಲಿ ಜಾಗವೂ ಉಳಿಯುತ್ತದೆ.

ಶಿಡ್ಲಘಟ್ಟದಿಂದ:
ಸರ್, "ಹದ 360ಕ್ಕೆ ಇಳಿಸಿ" ಅಂದರೆ ಮಕ್ಕಳು ಮುದ್ದೆ ನೆನೆಸಿಕೊಳ್ಳುತ್ತಾರೆ.

ತಿಪಟೂರಿನಿಂದ:
ಹಾಗಾದರೆ ಮಳೆಗಾಲವನ್ನೂ ಬಿಡ್ತೀರಾ ಸ್ವಾಮಿ? ಮಳೆ ಕನ್ನಡ, ಕಾಲ ಸಂಸ್ಕೃತ.

ಕೋಲಾರದಿಂದ:
ಕಾಲ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಎರಡೂ ಭಾಷೆಯಲ್ಲಿ ಸಲ್ಲುವ ಪದ. ದೋಷವಿಲ್ಲ. ಕೇಶಿರಾಜನ ವ್ಯಾಕರಣವನ್ನು ಇನ್ನೊಮ್ಮೆ ಓದಿ.

ತಿಪಟೂರಿನಿಂದ:
ಓದಿಯೇ ಕೇಳುತ್ತಿದ್ದೇನೆ. ಕಾಲ ಸಮಸಂಸ್ಕೃತ ಆದರೆ ಗುಣ ಯಾಕಲ್ಲ?

ಚಿಂತಾಮಣಿಯಿಂದ:
ಸಮಾಸ ಆಮೇಲೆ ಬಿಡಿಸಿ. ಮೇಡಂ ವಾಕ್ಯದಲ್ಲಿ ಅರ್ಥವೇ ತಿರುಗಿದೆ, ಯಾರೂ ನೋಡಿಲ್ಲ.

ನಮ್ಮ ತೋಟದ ಬೋರಲ್ಲಿ ಬರೋದು ಒಂದಿಂಚು ನೀರು. ಅದನ್ನು ನೇರವಾಗಿ ಡ್ರಿಪ್‌ಗೆ ಬಿಟ್ಟರೆ ಹಿಪ್ಪುನೇರಳೆಯ ಕೊನೆ ಸಾಲಿಗೆ ತಲುಪೋದೇ ಇಲ್ಲ. ಅದಕ್ಕೇ ಕರೆಂಟ್ ಇದ್ದಾಗ ಹೊಂಡಕ್ಕೆ ತುಂಬಿಸಿ, ಬೇಕಾದಾಗ ಬಿಡೋದು. ಬಫರ್ ಅಂದರೆ ಆ ಹೊಂಡ. ಬಫರಿಂಗ್ ಅಂದರೆ ಹೊಂಡ ತುಂಬೋದು. ವಿಡಿಯೋ ಕೆಳಗೆ ಗೆರೆ ಇರುತ್ತಲ್ವಾ, ನೋಡಿ ಮುಗಿದ ಭಾಗದ ಮುಂದೆ ಬೂದು ಬಣ್ಣದಲ್ಲಿ ಓಡೋದು ಅದೇ. ತುಂಬೋದು ಒಳ್ಳೆಯದೇ. ಹೊಂಡ ಬತ್ತಿದಾಗ ಮಾತ್ರ ಚಿತ್ರ ನಿಲ್ಲುತ್ತದೆ. "ಮುಂಗೂಡಿಕೆ ಆದರೆ ಇಳಿಸಿ" ಅಂತ ಬರೆದರೆ ಹೊಂಡ ತುಂಬಿತು, ಮೋಟರ್ ಆಫ್ ಮಾಡು ಅಂದ ಹಾಗಾಯಿತು.

ಇನ್ನು 360 ಗುಣವೂ ಅಲ್ಲ, ಹದವೂ ಅಲ್ಲ. ಮೇಲಿಂದ ಕೆಳಗೆ ಎಷ್ಟು ಸಾಲು ಚುಕ್ಕಿ ಅನ್ನೋ ಲೆಕ್ಕ. 720ಕ್ಕೆ ಏರಿಸಿದರೆ ಅಡ್ಡಕ್ಕೂ ಎರಡರಷ್ಟಾಗಿ ಚುಕ್ಕಿ ನಾಲ್ಕು ಪಟ್ಟು ಆಗುತ್ತದೆ. ಅಷ್ಟು ನೀರು ನಿಮ್ಮ ಬೋರಲ್ಲಿ ಇದೆಯಾ? ಇಲ್ಲದಿದ್ದರೆ ಏರಿಸಿ ಅನ್ನೋ ಸಾಲನ್ನೇ ತೆಗೆಯಿರಿ. ಆಟೋದಲ್ಲಿ ಬಿಟ್ಟರೆ ನೆಟ್ ನೋಡಿಕೊಂಡು ಅದೇ ಏರುತ್ತದೆ, ಇಳಿಯುತ್ತದೆ.

ಕೋಲಾರದಿಂದ:
ಪದ ಕೇಳಿದರೆ ನೀರಾವರಿ ಪಾಠ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಡುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ಆಗು, ಮಾಡು ಎರಡೇ. ಎರವಲು ಜಾಸ್ತಿ ಆಯಿತು.

ತಿಪಟೂರಿನಿಂದ:
'ಜಾಸ್ತಿ' ಯಾವ ಊರಿನ ಅಚ್ಚಗನ್ನಡ? ಕಚೇರಿಗೆ ಹೋಗಿ ಅರ್ಜಿ ಕೊಟ್ಟು ರಸೀದಿ ತಗೊಳ್ಳುವಾಗ ಯಾರಿಗೂ ಹಾಲು ಒಡೆಯಲ್ಲ. ಗುಣದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಕೋಲಾರದಿಂದ:
ಸಮಯವಿಲ್ಲ.

ಶಿಡ್ಲಘಟ್ಟದಿಂದ:
ಐದೂ ಮುಕ್ಕಾಲು ಆಯಿತು, ಕಳಿಸಿಬಿಟ್ಟೆ. ನಮ್ಮ ಕಂಪ್ಯೂಟರ್ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಕ್ವಾಲಿಟಿ ಅಂತಲೇ ಇರೋದರಿಂದ ಅದನ್ನು ಹಾಗೇ ಬಿಟ್ಟೆ. ಗೋಡೆ ಮೇಲೆ ಒಂದು, ತೆರೆ ಮೇಲೆ ಇನ್ನೊಂದು ಇದ್ದರೆ ಮಕ್ಕಳು ಮತ್ತೆ ನನ್ನನ್ನೇ ಕೂಗೋದು. ಫ್ಲೆಕ್ಸ್‌ನಲ್ಲಿ ಈಗ ಹೀಗಿದೆ:

"ಚಿತ್ರ ನಿಂತು ಸುತ್ತುತ್ತಾ ಇದ್ದರೆ ಸ್ವಲ್ಪ ಕಾಯಿರಿ, ತುಂಬಲಿ. ಮತ್ತೆ ಮತ್ತೆ ನಿಂತರೆ ಗೇರ್ ಗುರುತು ಒತ್ತಿ, ಕ್ವಾಲಿಟಿ 360ಕ್ಕೆ ಇಳಿಸಿ. ಬೇಡದ ಟ್ಯಾಬ್ ಮುಚ್ಚಿ."

ಬಫರಿಂಗ್ ಅನ್ನೋ ಪದವೇ ಬೇಕಾಗಲಿಲ್ಲ. ಚಿಂತಾಮಣಿಯವರಿಗೆ ಥ್ಯಾಂಕ್ಸ್.

ಕೋಲಾರದಿಂದ:
ಧನ್ಯವಾದ ಅನ್ನಬಹುದಿತ್ತು.

ತಿಪಟೂರಿನಿಂದ:
ಅದು ಸಂಸ್ಕೃತ.